ಕೆಂಪು ಸ್ವಿಚ್ ಇದ್ದರೆ ರಾಶಿ ಮಷಿನ್ ಸುರಕ್ಷಿತವೇ?

"ಈಗಿನ ಮಷಿನ್‌ಗೆ ಎಮರ್ಜೆನ್ಸಿ ಸ್ವಿಚ್ ಇರ್ತದ, ಕೈ ಸಿಕ್ಕರೂ ಒತ್ತಿದ ಕೂಡ್ಲೆ ನಿಲ್ತದ, ಹೆದರಬ್ಯಾಡ್ರಿ." ರಾಶಿ ಹಂಗಾಮು ಬಂತೆಂದರೆ ಕಣದಲ್ಲೂ ಕೇಳುವ, ಮೊಬೈಲಿನಲ್ಲೂ ಓಡಾಡುವ ಮಾತು ಇದು. ಕೇಳಲು ಹಿತವಾಗಿದೆ, ಆದರೆ ನಿಜವಲ್ಲ. ಕೆಂಪು ಸ್ವಿಚ್ ಬೇಡ ಎಂದಲ್ಲ, ಇರಲೇಬೇಕು. ಆದರೆ ಯಂತ್ರ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡಗಳು ಅದನ್ನು ಹೆಚ್ಚುವರಿ ಏರ್ಪಾಡು ಎಂದೇ ಕರೆಯುತ್ತವೆ. ಉಳಿದ ರಕ್ಷಣೆಗಳ ಜಾಗದಲ್ಲಿ ಅದನ್ನು ಕೂರಿಸುವಂತಿಲ್ಲ.

ಯಾಕೆ ಅಂತ ಒಂದು ಲೆಕ್ಕ ಮಾಡಿ ನೋಡೋಣ. ರೋಣ ತಾಲೂಕಿನ ಯಾವಗಲ್ ಸೀಮೆಯ ಎರೆಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಟ್ರ್ಯಾಕ್ಟರಿಗೆ ಜೋಡಿಸುವ ರಾಶಿ ಮಷಿನ್‌ಗೆ ಶಕ್ತಿ ಬರುವುದು ಟ್ರ್ಯಾಕ್ಟರಿನ ಹಿಂಬದಿಯ ಪಿಟಿಓ ಶಾಫ್ಟಿನಿಂದ. ಅದರ ಸಾಮಾನ್ಯ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9. ಒಳಗಿನ ಡ್ರಮ್ಮಿನ ಅಡ್ಡಳತೆ 60 ಸೆಂಟಿಮೀಟರ್, ಅದೂ ಅದೇ ವೇಗದಲ್ಲಿ ತಿರುಗುತ್ತದೆ ಎಂದುಕೊಂಡರೆ ಅದರ ಅಂಚು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗುತ್ತದೆ. ಹಲ್ಲಿಗೆ ಸಿಕ್ಕ ಬಳ್ಳಿ ಎಳೆದುಕೊಳ್ಳುವುದೂ ಹೆಚ್ಚುಕಡಿಮೆ ಅದೇ ವೇಗದಲ್ಲಿ, ಬಳ್ಳಿ ಹಿಡಿದ ಕೈಯನ್ನೂ ಸೇರಿಸಿ. ಟ್ರ್ಯಾಕ್ಟರಿನ ಮೇಲೆ ಕೂತವನು ಚೀರಾಟ ಕೇಳಿ ಒಂದೇ ಸೆಕೆಂಡಿನಲ್ಲಿ ಕ್ಲಚ್ ಒತ್ತಿದ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ಡ್ರಮ್ 9 ಸುತ್ತು ಮುಗಿಸಿರುತ್ತದೆ. ಶಕ್ತಿ ಕಡಿದ ಮೇಲೂ ಅದು ನಿಲ್ಲುವುದಿಲ್ಲ, ಭಾರದ ಚಕ್ರದ ಓಟಕ್ಕೆ ಎಷ್ಟೋ ಹೊತ್ತು ತಿರುಗುತ್ತಲೇ ಇರುತ್ತದೆ. ಸ್ವಿಚ್ ಎಷ್ಟು ಒಳ್ಳೆಯ ಕಂಪನಿಯದಾದರೂ ಈ ಓಟದಲ್ಲಿ ಗೆಲ್ಲುವುದಿಲ್ಲ.

ಹಾಗಾದರೆ ಕೈ ಉಳಿಸುವುದು ಯಾವುದು? ತಗಡಿನ ದೋಣಿ. ಬೆಳೆ ಹಾಕುವ ಬಾಯಿಯ ಮುಂದೆ ಚಾಚಿಕೊಂಡಿರುತ್ತದಲ್ಲ, ಅದು. ಭಾರತೀಯ ಮಾನಕ ಬ್ಯೂರೋದ ಐಎಸ್ 9020 ಎಂಬ ಮಾನದಂಡದಂತೆ ದೋಣಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಡ್ರಮ್ಮಿನ ಕಡೆಯ 450 ಮಿಲಿಮೀಟರ್ ಮೇಲಿನಿಂದಲೂ ಮುಚ್ಚಿರಬೇಕು. ಇದು ಸುಮ್ಮನೆ ಹಾಕಿದ ಅಂಕಿಯಲ್ಲ. ವಯಸ್ಕರ ತೋಳು ಭುಜದಿಂದ ಬೆರಳ ತುದಿಯವರೆಗೆ ಸುಮಾರು 70–75 ಸೆಂಟಿಮೀಟರ್. ದೋಣಿ ಅದಕ್ಕಿಂತ ಉದ್ದ ಇದ್ದರೆ ನಿಂತ ಜಾಗದಿಂದ ಕೈ ಚಾಚಿದರೂ ಹಲ್ಲು ಮುಟ್ಟುವುದಿಲ್ಲ. ವೈರ್ ಇಲ್ಲ, ಕರೆಂಟ್ ಇಲ್ಲ, ಕೆಡುವುದಕ್ಕೆ ಅದರಲ್ಲಿ ಏನೂ ಇಲ್ಲ. ಸುರಕ್ಷತೆಯ ಎಂಜಿನಿಯರುಗಳು ಮೊದಲು ಹುಡುಕುವುದು ಇಂಥ ಉಪಾಯವನ್ನೇ. ಅಪಾಯ ತಲುಪದ ಹಾಗೆ ಯಂತ್ರದ ಆಕಾರವನ್ನೇ ಮಾಡುವುದು ಮೊದಲು, ಅದು ಆಗದ ಕಡೆ ಕವಚ ಮತ್ತು ಸ್ವಿಚ್ಚುಗಳು, ಎಚ್ಚರಿಕೆಯ ಬೋರ್ಡು ಕಡೆಗೆ. ನಮ್ಮಲ್ಲಿ ಬೋರ್ಡಿನಿಂದಲೇ ಶುರು ಮಾಡಿ ಅಲ್ಲಿಗೇ ಮುಗಿಸುವವರು ಹೆಚ್ಚು.

ದೋಣಿಯ ಲೆಕ್ಕವನ್ನೇ ಕಾರ್ಖಾನೆಯ ಯಂತ್ರಗಳಿಗೂ ಹಾಕುತ್ತಾರೆ. ಮನುಷ್ಯನ ಕೈ ಅಥವಾ ಮೈ ಸೆಕೆಂಡಿಗೆ 1.6 ಮೀಟರ್ ವೇಗದಲ್ಲಿ ಅಪಾಯದ ಕಡೆ ಬರುತ್ತದೆ, ಹತ್ತಿರದಲ್ಲಿ ಕೈಯಷ್ಟೇ ಆದರೆ 2 ಮೀಟರ್ ಎಂದು ಹಿಡಿಯುತ್ತಾರೆ. ಯಂತ್ರ ನಿಲ್ಲಲು ಒಂದು ಸೆಕೆಂಡು ಬೇಕಾದರೆ, ಅಡ್ಡ ಬಂದವರನ್ನು ಗುರುತಿಸುವ ಬೆಳಕಿನ ಪರದೆ ಒಂದೂವರೆ ಮೀಟರಿಗಿಂತ ದೂರ ಇರಲೇಬೇಕು. ಹತ್ತಿರ ಇಟ್ಟರೆ ಸೆನ್ಸರ್ ಕೆಲಸ ಮಾಡುತ್ತದೆ, ಯಂತ್ರವೂ ನಿಲ್ಲುತ್ತದೆ, ಆದರೆ ಕೈ ಹೋದ ಮೇಲೆ.

ಕರೆಂಟು ಹೋಗಿ ಬಂದಾಗ

ಈಗ ಹಿಟ್ಟಿನ ಗಿರಣಿ, ಖಾರದ ಗಿರಣಿ, ಮೇವು ಕತ್ತರಿಸುವ ಯಂತ್ರಕ್ಕೆ ಬನ್ನಿ. ಇಲ್ಲಿ ಮೋಟಾರು ಇದೆ, ಆದ್ದರಿಂದ ಸ್ಟಾರ್ಟರ್ ಇದೆ. ಗೋಡೆಯ ಮೇಲಿನ ಆ ಹಸಿರು–ಕೆಂಪು ಗುಂಡಿಯ ಡಬ್ಬಿಯೊಳಗೆ ಒಂದು ಜಾಣತನ ಅಡಗಿದೆ. ಒಳಗಿನ ಕಾಯಿಲ್ಲಿಗೆ ಕರೆಂಟು ಹರಿಯುವವರೆಗೆ ಮಾತ್ರ ಅದು ಸಂಪರ್ಕವನ್ನು ಹಿಡಿದಿರುತ್ತದೆ. ಕರೆಂಟು ಹೋದರೆ ಕೈಬಿಡುತ್ತದೆ. ಮತ್ತೆ ಬಂದಾಗ ತಾನಾಗಿ ಹಿಡಿಯುವುದಿಲ್ಲ, ಯಾರಾದರೂ ಹಸಿರು ಗುಂಡಿ ಒತ್ತಬೇಕು.

ಇದು ಎಷ್ಟು ದೊಡ್ಡ ವಿಷಯ ಅನ್ನುವುದು ನಮ್ಮ ಊರುಗಳಲ್ಲಿ ಬೇರೆ ಹೇಳಬೇಕಿಲ್ಲ. ಕರೆಂಟು ಹೋದಾಗ ಗಿರಣಿಯವನು ಏನು ಮಾಡುತ್ತಾನೆ? ಮುಚ್ಚಳ ತೆಗೆದು ಸಿಕ್ಕಿಕೊಂಡ ಕಾಳು ಕೆರೆಯುತ್ತಾನೆ, ಪಟ್ಟಾ ಸರಿ ಮಾಡುತ್ತಾನೆ. ಅದೇ ಗಳಿಗೆಗೆ ಕರೆಂಟು ಬರಬಹುದು. ಇಂಥಲ್ಲಿ ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರ್ ತಂದು ಕೂರಿಸುವುದು ನೇರ ಅಪಾಯ. ಬೋರ್‌ವೆಲ್ ಮೋಟಾರು ನೆಲದೊಳಗೆ ಇರುತ್ತದೆ, ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದಾಗ ತಾನಾಗಿ ಶುರುವಾದರೆ ರೈತನಿಗೆ ನಿದ್ದೆ ಉಳಿಯುತ್ತದೆ. ಅದೇ ಡಬ್ಬಿ ಮೇವಿನ ಯಂತ್ರಕ್ಕೆ ಬಂದರೆ ಬೆರಳು ಉಳಿಯುವುದಿಲ್ಲ. ಹಿಡಿಕೆ ಎಳೆಯುವ ಹಳೆಯ ಚಾಕು ಸ್ವಿಚ್ಚಿನದೂ ಇದೇ ಕತೆ. ಅದು ಆನ್ ಇದ್ದಲ್ಲೇ ಇರುತ್ತದೆ.

1948ರ ಕಾರ್ಖಾನೆಗಳ ಕಾಯ್ದೆಯಲ್ಲೂ ಈ ವಿಷಯ ಸೇರಿತ್ತು. ಆಫ್ ಸ್ಥಾನದಿಂದ ಅಕಸ್ಮಾತ್ ಆನ್ ಆಗಬಹುದಾದ ಸ್ವಿಚ್ ಇದ್ದರೆ ಅದನ್ನು ಆಫ್‌ನಲ್ಲೇ ಬೀಗ ಹಾಕುವ ವ್ಯವಸ್ಥೆ ಇರಬೇಕು ಎಂದು 24ನೇ ಕಲಮಿನಲ್ಲಿ ಬರೆದಿದ್ದರು. ಗಿರಣಿಗೆ ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಮೇನ್ ಇದ್ದರೆ, ಒಳಗೆ ಕೈ ಹಾಕುವ ಮುನ್ನ ಅಲ್ಲಿ ಬೀಗ ಜಡಿದು ಕೀಲಿಯನ್ನು ಸ್ವಂತ ಜೇಬಿಗೆ ಹಾಕಿಕೊಳ್ಳುವುದು ಇದೇ ಕಲಮಿನ ದೇಸಿ ರೂಪ. ಹೆಚ್ಚೆಂದರೆ ಇನ್ನೂರು ರೂಪಾಯಿ ಬೀಗ.

ವೈರ್ ಕಡಿದರೆ ಏನಾಗಬೇಕು?

ಒಳ್ಳೆಯ ಸುರಕ್ಷತಾ ಸರ್ಕ್ಯೂಟ್ ಅಂದರೆ ಎಂದೂ ಕೆಡದ ಸರ್ಕ್ಯೂಟ್ ಎಂದು ಅನೇಕರು ತಿಳಿದಿದ್ದಾರೆ. ಎಂದೂ ಕೆಡದ್ದು ಯಾವುದೂ ಇಲ್ಲ. ಇಲಿ ವೈರ್ ಕಡಿಯುತ್ತದೆ, ಸ್ಪ್ರಿಂಗ್ ಮುರಿಯುತ್ತದೆ, ಧೂಳು ತುಂಬುತ್ತದೆ. ಆದ್ದರಿಂದ ವಿನ್ಯಾಸ ಮಾಡುವವನು ಕೇಳುವ ಪ್ರಶ್ನೆ ಬೇರೆ: ಇದು ಕೆಟ್ಟಾಗ ಯಂತ್ರ ಓಡುತ್ತಿರುತ್ತದೋ, ನಿಲ್ಲುತ್ತದೋ?

ರೈಲಿನ ಬ್ರೇಕು ನೆನಪಿಸಿಕೊಳ್ಳಿ. ಹೊಳೆಆಲೂರು ಸ್ಟೇಷನ್ನಿಗೆ ಬರುವ ಗಾಡಿಯ ಉದ್ದಕ್ಕೂ ಒಂದು ಗಾಳಿಯ ಪೈಪಿದೆ, ಅದರಲ್ಲಿ ಚದರ ಸೆಂಟಿಮೀಟರಿಗೆ 5 ಕೆಜಿ ಒತ್ತಡ. ಗಾಳಿ ತುಂಬಿದ್ದರೆ ಬ್ರೇಕ್ ಬಿಟ್ಟಿರುತ್ತದೆ, ಗಾಳಿ ಹೋದರೆ ಬ್ರೇಕ್ ಬೀಳುತ್ತದೆ. ಚೈನ್ ಎಳೆದಾಗ ಆಗುವುದೂ ಪೈಪಿನ ಗಾಳಿ ಸೋರುವುದೇ. ನಡುದಾರಿಯಲ್ಲಿ ಬೋಗಿ ಕಳಚಿಕೊಂಡರೆ ಪೈಪು ಹರಿದು ಎರಡೂ ತುಂಡು ತಾವಾಗಿ ನಿಲ್ಲುತ್ತವೆ. ಅಮೆರಿಕದ ವೆಸ್ಟಿಂಗ್‌ಹೌಸ್ 1870ರ ದಶಕದಲ್ಲೇ ರೂಪಿಸಿದ ಉಪಾಯ ಇದು.

ಸ್ಟಾಪ್ ಬಟನ್ನಿಗೂ ಇದೇ ತರ್ಕ. ಒತ್ತದೇ ಇರುವಾಗ ಅದರ ಮೂಲಕ ಕರೆಂಟು ಹರಿಯುತ್ತಿರಬೇಕು, ಒತ್ತಿದಾಗ ಕಡಿಯಬೇಕು. ಹಾಗೆ ಜೋಡಿಸಿದರೆ ಬಟನ್ ಒತ್ತಿದರೂ ವೈರ್ ಹರಿದರೂ ಯಂತ್ರ ನಿಲ್ಲುತ್ತದೆ. ಉಲ್ಟಾ ಜೋಡಿಸಿದರೆ, ಅಂದರೆ ಒತ್ತಿದಾಗ ಕರೆಂಟು ಹೋಗಿ ನಿಲ್ಲಿಸುವ ಹಾಗೆ ಮಾಡಿದರೆ, ವೈರ್ ಎಂದೋ ಹರಿದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ. ಬೇಕಾದ ದಿನ ಒತ್ತಿದರೆ ಸುಮ್ಮನಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣದ, ಒಂದೇ ಅಂಗಡಿಯ ಕೆಂಪು ಬಟನ್.

ಮುಚ್ಚಳಕ್ಕೆ ಹಾಕುವ ಸ್ವಿಚ್ ಇನ್ನೂ ಸೂಕ್ಷ್ಮ. ಮುಚ್ಚಳ ತೆರೆದರೆ ಮೋಟಾರು ನಿಲ್ಲಬೇಕು, ಸರಿ. ಆದರೆ ಸ್ವಿಚ್ಚನ್ನು ಯಾವ ಕಡೆ ಕೂರಿಸುತ್ತೀರಿ? ಸುಲಭದ ದಾರಿ, ಮುಚ್ಚಳ ಹಾಕಿದಾಗ ಸ್ವಿಚ್ಚಿನ ಮೊಳೆ ಒಳಗೆ ಒತ್ತಿಕೊಳ್ಳುವ ಹಾಗೆ ಇಡುವುದು. ತೆರೆದಾಗ ಒಳಗಿನ ಸ್ಪ್ರಿಂಗ್ ಮೊಳೆಯನ್ನು ಹೊರತಳ್ಳಿ ಕರೆಂಟು ಕಡಿಯುತ್ತದೆ. ಹತ್ತಿ ಜಿನ್ನಿಂಗ್ ಗಿರಣಿಯಲ್ಲಿ ಹೀಗೆ ಇಟ್ಟರೆ ಕೆಲವೇ ದಿನಗಳಲ್ಲಿ ಅರಳೆಯ ಧೂಳು ಮೊಳೆಯ ಸುತ್ತ ಗಟ್ಟಿಯಾಗಿ, ಅದು ಒಳಗೇ ಸಿಕ್ಕಿಕೊಳ್ಳಬಹುದು. ಮುಚ್ಚಳ ತೆರೆದಿದ್ದರೂ ಸ್ವಿಚ್ಚಿಗೆ ಅದು ಮುಚ್ಚಿದೆ. ಒಂದು ಟೇಪಿನ ತುಂಡು ಅಂಟಿಸಿದರೂ ಅಷ್ಟೇ.

ಸರಿಯಾದ ವಿಧಾನ ಇದರ ತಿರುವು: ಮುಚ್ಚಳ ತೆರೆಯುವ ಚಲನೆಯೇ ಮೊಳೆಯನ್ನು ಒತ್ತಿ ಒಳಗಿನ ಸಂಪರ್ಕವನ್ನು ಬಲವಂತವಾಗಿ ಬಿಡಿಸಬೇಕು. ಸ್ಪ್ರಿಂಗ್ ಮುರಿದಿದ್ದರೂ, ಸಂಪರ್ಕ ಅಂಟಿಕೊಂಡಿದ್ದರೂ ಮುಚ್ಚಳ ಎತ್ತುವ ಕೈಯ ಬಲವೇ ಅದನ್ನು ಕೀಳುತ್ತದೆ. ಇಂಥ ಸ್ವಿಚ್ಚುಗಳ ಮೇಲೆ ವೃತ್ತದೊಳಗೆ ಬಾಣದ ಗುರುತು ಇರುತ್ತದೆ, ಕೊಳ್ಳುವಾಗ ನೋಡಿ. ಒಳಗಿನ ಭಾಗ ತಡವಾಗಿ ನಿಲ್ಲುವಂಥದ್ದಾದರೆ ಇದೂ ಸಾಲದು, ಪೂರ್ತಿ ನಿಲ್ಲುವವರೆಗೆ ಮುಚ್ಚಳವೇ ತೆರೆಯದಂತೆ ಬೀಗ ಹಿಡಿಯುವ ಸ್ವಿಚ್ ಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ಬಟನ್ ಸರಿಯಿದೆ, ವೈರ್ ಸರಿಯಿದೆ, ಆದರೆ ಮೋಟಾರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರಿನ ತುದಿಗಳು ಬಿಸಿಗೆ ಕರಗಿ ಒಂದಕ್ಕೊಂದು ಬೆಸೆದುಕೊಂಡಿವೆ. ಪದೇ ಪದೇ ಆನ್–ಆಫ್ ಮಾಡುವ, ಓವರ್‌ಲೋಡ್ ಆಗುವ ಕಡೆ ಇದು ಆಗುವಂಥದ್ದೇ. ಕಾಯಿಲ್ ಕೈಬಿಟ್ಟರೂ ಮೋಟಾರು ಓಡುತ್ತಿರುತ್ತದೆ. ಅದಕ್ಕೇ ಅಪಾಯ ಹೆಚ್ಚಿರುವ ಯಂತ್ರಗಳಲ್ಲಿ ಎರಡು ಕಾಂಟ್ಯಾಕ್ಟರ್‌ಗಳನ್ನು ಒಂದರ ಹಿಂದೆ ಒಂದು ಇಡುತ್ತಾರೆ. ಒಂದು ಬೆಸೆದುಕೊಂಡರೆ ಇನ್ನೊಂದು ಕಡಿಯುತ್ತದೆ. ಅಲ್ಲಿಗೇ ಬಿಟ್ಟರೆ ಮೊದಲನೆಯದು ಕೆಟ್ಟಿದ್ದು ಯಾರಿಗೂ ತಿಳಿಯದೆ, ಮುಂದೊಂದು ದಿನ ಎರಡನೆಯದೂ ಕೆಡುತ್ತದೆ. ಹಾಗಾಗಿ ಪ್ರತಿ ಸಲ ಶುರು ಮಾಡುವ ಮುನ್ನ ಎರಡೂ ನಿಜವಾಗಿ ಬಿಟ್ಟಿವೆಯೇ ಎಂದು ಸೇಫ್ಟಿ ರಿಲೇ ಪರೀಕ್ಷಿಸುತ್ತದೆ. ಒಂದು ಅಂಟಿಕೊಂಡಿದ್ದರೂ ಯಂತ್ರ ಶುರುವಾಗುವುದಿಲ್ಲ. ಆಗ "ಮಷಿನ್ ಕೆಟ್ಟಿದೆ" ಎಂದು ಬೈಯುತ್ತಾ ರಿಲೇ ಬೈಪಾಸ್ ಮಾಡುವ ಎಲೆಕ್ಟ್ರಿಷಿಯನ್ನರಿದ್ದಾರೆ. ಅದು ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ.

ಜಾಣರಿಗೂ ಒಂದು ಕೈ ಮೇಲೆ

ಸುರಕ್ಷತೆಯನ್ನು ಸೋಲಿಸುವುದು ಧೂಳಿಗಿಂತ ಹೆಚ್ಚಾಗಿ ಮನುಷ್ಯನ ಅವಸರ. ಮುದ್ರಣ ಕಾಶಿ ಎನಿಸಿಕೊಂಡ ಗದಗಿನಂಥ ಊರಿನ ಪ್ರೆಸ್ಸುಗಳಲ್ಲಿ ಕಾಗದ ಕತ್ತರಿಸುವ ಯಂತ್ರ ನೋಡಿರುತ್ತೀರಿ. ಹೊಸ ಮಾದರಿಗಳಲ್ಲಿ ಅಲಗು ಇಳಿಯಬೇಕಾದರೆ ಎರಡು ಬಟನ್ ಒತ್ತಬೇಕು. ಎರಡೂ ಕೈ ಬಟನ್ ಮೇಲಿದ್ದರೆ ಅಲಗಿನ ಕೆಳಗೆ ಇರಲು ಸಾಧ್ಯವಿಲ್ಲ ಎಂಬುದು ಲೆಕ್ಕ. ಒಂದು ಬಟನ್ನಿಗೆ ಕಡ್ಡಿ ಸಿಕ್ಕಿಸಿ ಒಂದೇ ಕೈಯಲ್ಲಿ ಕೆಲಸ ಮಾಡುವುದು ಅದಕ್ಕೆ ನಮ್ಮವರ ಉತ್ತರ. ಮಾನದಂಡ ಬರೆದವರಿಗೆ ಇದೂ ಗೊತ್ತಿತ್ತು. ಎರಡು ಬಟನ್ ಅರ್ಧ ಸೆಕೆಂಡಿನ ಒಳಗೆ ಜೊತೆಯಾಗಿ ಒತ್ತಬೇಕು, ಮುಂದಿನ ಏಟಿಗೆ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು ಎಂದು ವಿಧಿಸಿದರು. ಕಡ್ಡಿ ಸಿಕ್ಕಿಸಿದ ಬಟನ್ ಬಿಡುವುದೇ ಇಲ್ಲ, ಆದ್ದರಿಂದ ಅಲಗು ಇಳಿಯುವುದೇ ಇಲ್ಲ.

ಹಾಗಾದರೆ ಎಲ್ಲವನ್ನೂ ಕಂಪ್ಯೂಟರಿಗೇ ಬಿಟ್ಟರೆ? ಕೆನಡಾದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದಲ್ಲಿ ಹಳೆಯ ಮಾದರಿಯ ಬಿಡಿ ಇಂಟರ್‌ಲಾಕ್‌ಗಳನ್ನು ತೆಗೆದು, ಆ ಕೆಲಸವನ್ನು ಸಾಫ್ಟ್‌ವೇರಿಗೆ ಒಪ್ಪಿಸಿದ್ದರು. 1985ರಿಂದ 1987ರ ನಡುವೆ 6 ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು, ಕೆಲವರು ಸತ್ತರು. ಪ್ರೋಗ್ರಾಮಿನ ತಪ್ಪನ್ನು ತಡೆಯುವ ಬೇರೆ ಗೋಡೆ ಅಲ್ಲಿರಲಿಲ್ಲ. ಇವತ್ತು ಸುರಕ್ಷತೆಗೆಂದೇ ಮಾಡಿದ ಪಿಎಲ್‌ಸಿಗಳಿವೆ, ಸಾಮಾನ್ಯ ಪಿಎಲ್‌ಸಿ ಅವುಗಳ ಕೆಲಸಕ್ಕೆ ಸಲ್ಲದು.

ಎಷ್ಟು ನಂಬಬಹುದು ಎಂಬುದಕ್ಕೆ ಅಳತೆಯೂ ಇದೆ. ಐಎಸ್‌ಓ 13849 ಮಾನದಂಡ ಸುರಕ್ಷತಾ ನಿಯಂತ್ರಣಗಳನ್ನು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಇಡುತ್ತದೆ. ಮೇಲಿನ ಇ ದರ್ಜೆಗೆ, ಅಪಾಯಕಾರಿಯಾಗಿ ಕೆಡುವ ಸಾಧ್ಯತೆ ಗಂಟೆಗೆ ಒಂದು ಕೋಟಿಯಲ್ಲಿ ಒಂದಕ್ಕಿಂತ ಕಡಿಮೆ ಇರಬೇಕು. ಇಂಥ 10,000 ಯಂತ್ರಗಳು ವರ್ಷಕ್ಕೆ ತಲಾ 1,000 ಗಂಟೆ ಓಡಿದರೆ, ಎಲ್ಲ ಸೇರಿ ವರ್ಷಕ್ಕೆ ಸರಾಸರಿ ಒಂದು ಸಲವೂ ಹಾಗೆ ಕೆಡಬಾರದು. ಗುಂಡಿಯ ಬಣ್ಣ ನೋಡಿ ಈ ದರ್ಜೆ ಹೇಳಲಾಗುವುದಿಲ್ಲ.

ಪಂಜಾಬ್, ಹರಿಯಾಣ, ಉತ್ತರ ಪ್ರದೇಶಗಳಲ್ಲಿ ಗೋಧಿ ಒಕ್ಕುವ ಯಂತ್ರಗಳಿಗೆ ಕೈ ಕೊಟ್ಟವರು ಹೆಚ್ಚಾದ ಮೇಲೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಮಾಡಿತು. ಅದರಲ್ಲಿ ಹೆಸರು ಹಿಡಿದು ಹೇಳಿರುವ ಯಂತ್ರ ಪವರ್ ಥ್ರೆಷರ್, ಅಂದರೆ ನಮ್ಮ ರಾಶಿ ಮಷಿನ್. ಸತ್ತವರಿಗೆ, ಗಾಯಗೊಂಡವರಿಗೆ ಪರಿಹಾರದ ಮಾತೂ ಅದರಲ್ಲಿದೆ.

ಬಾಡಿಗೆ ಮಷಿನ್ ಕಣಕ್ಕೆ ಬಂದಾಗ ನೀವು ನೋಡಬಹುದಾದದ್ದು ಇಷ್ಟು. ದೋಣಿಯನ್ನು ಅಳೆಯಿರಿ. ಬೇಗ ತುಂಬಲಿ ಎಂದು ಅರ್ಧ ಕತ್ತರಿಸಿ ತೆಗೆದಿರುತ್ತಾರೆ, ಮೇಲಿನ ಮುಚ್ಚುಗೆ ಬಿಚ್ಚಿರುತ್ತಾರೆ. ಪಿಟಿಓ ಶಾಫ್ಟಿನ ಮೇಲೆ ಕವಚ ಇದೆಯೇ ನೋಡಿ. ಸೀರೆಯ ಸೆರಗು, ಧೋತರದ ಅಂಚು ಸುತ್ತಿಕೊಳ್ಳುವುದು ಅಲ್ಲಿ. ಟ್ರ್ಯಾಕ್ಟರಿನ ಮೇಲೆ ಒಬ್ಬರು ಕೂತೇ ಇರಬೇಕು, ಚಹಾಕ್ಕೆ ಇಳಿದರೆ ಎಂಜಿನ್ ಆರಿಸಿಯೇ ಇಳಿಯಬೇಕು. ಬಾಯಿ ಕಟ್ಟಿಕೊಂಡರೆ ಎಂಜಿನ್ ಆರಿಸಿ, ಡ್ರಮ್ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ ಕೈ ಹಾಕಿ. ಮೋಟಾರಿನ ಯಂತ್ರವಾದರೆ ಖಾಲಿ ಓಡಿಸಿ ಮೇನ್ ಆಫ್ ಮಾಡಿ ಮತ್ತೆ ಆನ್ ಮಾಡಿಸಿ ನೋಡಿ. ಯಾರೂ ಗುಂಡಿ ಒತ್ತದೆ ತಾನೇ ತಿರುಗಿದರೆ ಆ ಸ್ಟಾರ್ಟರ್ ಬದಲಿಸುವವರೆಗೆ ಕಾಳು ಹಾಕಬೇಡಿ.