ಮರಳಿ ಕುಡಿದವರನ್ನು ದೂರ ಮಾಡದಿರೋಣ

ಮದ್ಯವ್ಯಸನ ಮರುಕಳಿಸಬಲ್ಲ ಕಾಯಿಲೆ. ಬೀಜಾಡಿಯಂತಹ ಕಡಲತೀರದ ಊರುಗಳಲ್ಲಿ ಜುಲೈ 31ಕ್ಕೆ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಮುಗಿದು ಕೈಗೆ ಕಾಸು ಬಂದಾಗ, ಕುಡಿತ ಬಿಟ್ಟವರು ಮತ್ತೆ ಎಡವುವ ಅಪಾಯವಿದೆ.

ಚೀನಾದ ವೈದ್ಯ ಸಂತ ಮಾರ್ಕ್ ಜಿ ತಿಯಾನ್‌ಶಿಯಾಂಗ್ ಅಫೀಮಿನ ದಾಸರಾಗಿದ್ದರು. ಮತ್ತೆ ಮತ್ತೆ ಎಡವಿದ್ದರಿಂದ ಸುಮಾರು 30 ವರ್ಷ ಅವರಿಗೆ ಪಾಪಕ್ಷಮೆಯಾಗಲಿ ಪರಮಪ್ರಸಾದವಾಗಲಿ ಸಿಗಲಿಲ್ಲ. ಆದರೂ ಅವರು ಚರ್ಚ್ ಬಿಡಲಿಲ್ಲ. 1900ರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ತೆತ್ತರು. 2000ರಲ್ಲಿ ಸಂತರೆಂದು ಘೋಷಿತರಾದರು.

ವಾಳೆಯ ಗುರಿಕಾರರೇ, ಎಡವಿದವರ ಮನೆಗೆ ಹೋಗಿ. ಅಮಲಿನಲ್ಲಿದ್ದಾಗ ಉಪದೇಶ ಬೇಡ. ಕೈಗೆ ಹಣ ಕೊಡದೆ, ಜೊತೆಗೂಡಿ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿತ ನಿಲ್ಲಿಸಿದ ಮೇಲೆ ನಡುಕ, ಗಲಿಬಿಲಿ, ಫಿಟ್ಸ್ ಕಂಡರೆ ತಡಮಾಡಬೇಡಿ. ಉಚಿತ ಸಹಾಯವಾಣಿ: 14446. ಪಾಪನಿವೇದನೆಯ ಬಾಗಿಲು ಅವರಿಗೆ ತೆರೆದೇ ಇರಲಿ.