ಮಾಂಸಕ್ಕೆ ಎರಡು ಮಾತು

ಇಂಗ್ಲಿಷ್ ಕಲಿಯಲು ಹೊರಟ ಚೀನಾದ ವಿದ್ಯಾರ್ಥಿಯೊಬ್ಬ ನಿಘಂಟು ತೆರೆದು ‘ರೋ’ ಎಂಬ ತನ್ನ ಭಾಷೆಯ ಶಬ್ದಕ್ಕೆ ಅರ್ಥ ಹುಡುಕುತ್ತಾನೆ ಎಂದುಕೊಳ್ಳೋಣ. ಅಲ್ಲಿ ಎರಡು ಮಾತುಗಳು ಅಕ್ಕಪಕ್ಕದಲ್ಲಿರುತ್ತವೆ: ಮೀಟ್ ಮತ್ತು ಫ್ಲೆಶ್. ಎರಡೂ ಒಂದೇ ಎಂದು ನಂಬಿ ಆತ ಲಂಡನ್ನಿನ ಅಂಗಡಿಯೊಂದರಲ್ಲಿ ಒಂದು ಕಿಲೋ ‘ಫ್ಲೆಶ್’ ಕೊಡಿ ಎಂದರೆ ಅಂಗಡಿಯವನ ಕೈಯ ಕತ್ತಿ ಅರೆಕ್ಷಣ ನಿಂತೀತು. ವ್ಯಾಕರಣದಲ್ಲಿ ತಪ್ಪಿಲ್ಲ, ಉಚ್ಚಾರವೂ ಸರಿ. ಆದರೂ ಕೇಳಿದವನಿಗೆ ಮೈ ಜುಮ್ಮೆನ್ನುತ್ತದೆ. ಏಕೆಂದರೆ ಇಂದಿನ ಇಂಗ್ಲಿಷಿನಲ್ಲಿ ಒಲೆಯ ಮೇಲೆ ಬೇಯುವುದು ಮೀಟ್. ನಮ್ಮ ನಿಮ್ಮ ಮೂಳೆಯ ಮೇಲಿರುವುದು ಫ್ಲೆಶ್. ಈ ಗೆರೆ ಎಳೆದವರು ಯಾರು? ಯಾವಾಗ? ಚೀನೀ ಭಾಷೆಯಲ್ಲಿ ಅಂಥ ಗೆರೆ ಇರಲೇ ಇಲ್ಲವೆ? ಇದರ ಹಿಂದೆ ಸ್ವಾರಸ್ಯಕರವಾದ ಚರಿತ್ರೆಯೇ ಇದೆ.

ಮೊದಲಿಗೆ ಇಂಗ್ಲಿಷಿನ ಕಡೆ ನೋಡೋಣ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಇಂದಿನ ಫ್ಲೆಶ್‌ನ ಪೂರ್ವಜವಾದ ಶಬ್ದಕ್ಕೆ ಎರಡೂ ಅರ್ಥಗಳಿದ್ದವು. ಮನುಷ್ಯನ ಮೈಯಾಗಲಿ, ತಿನ್ನುವ ಮಾಂಸವಾಗಲಿ, ಹೆಸರು ಒಂದೇ. ಅದರ ಸೋದರಭಾಷೆಯಾದ ಜರ್ಮನ್‌ನಲ್ಲಿ ಇಂದಿಗೂ ‘ಫ್ಲೈಶ್’ ಎಂದರೆ ಎರಡೂ ಹೌದು. ಸ್ವೀಡನ್ನಿನಲ್ಲಿ ಇದೇ ಮೂಲದ ಶಬ್ದ ಇನ್ನಷ್ಟು ಕಿರಿದಾಗಿ ಹಂದಿಮಾಂಸ ಎಂಬ ಅರ್ಥಕ್ಕೆ ನಿಂತಿದೆ. ಆ ಕಾಲದಲ್ಲಿ ಮೀಟ್ ಎಂದರೆ ಮಾಂಸವೇ ಅಲ್ಲ, ಬರೀ ಆಹಾರ. ರೊಟ್ಟಿಯೂ ಮೀಟ್, ಗಂಜಿಯೂ ಮೀಟ್. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನಲ್ಲಿ ಹಿಟ್ಟು ಮತ್ತು ಎಣ್ಣೆಯ ನೈವೇದ್ಯಕ್ಕೆ ‘ಮೀಟ್’ ಎಂಬ ಮಾತನ್ನೇ ಬಳಸಲಾಗಿತ್ತು. ಓದುವವರು ಗೊಂದಲಗೊಳ್ಳುವಂತಾದ ಮೇಲೆ, 1885ರ ಪರಿಷ್ಕೃತ ಹಳೆಯ ಒಡಂಬಡಿಕೆಯಲ್ಲಿ ಅದನ್ನು ಬದಲಾಯಿಸಿದರು. ಆ ಹಳೆಯ ಅರ್ಥದ ಅವಶೇಷ ನಮ್ಮ ಊರುಗಳಲ್ಲೂ ಉಳಿದಿದೆ. ಶುದ್ಧ ಸಸ್ಯಾಹಾರಿ ಮಿಠಾಯಿ ಅಂಗಡಿಯ ಫಲಕದ ಮೇಲೆ ‘ಸ್ವೀಟ್‌ಮೀಟ್’ ಎಂದು ಬರೆದಿರುವುದು ಇದೇ ಕಾರಣಕ್ಕೆ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮಾತು ಊಟದ ಮೇಜನ್ನು ಹಿಡಿಯಿತು. ಕೊಟ್ಟಿಗೆಯಲ್ಲಿರುವ ಪ್ರಾಣಿಗೆ ಇಂಗ್ಲಿಷ್ ಹೆಸರು ಉಳಿಯಿತು. ತಟ್ಟೆಗೆ ಬಂದಾಗ ಅದು ಬೀಫ್, ಪೋರ್ಕ್, ಮಟನ್ ಎಂಬ ಫ್ರೆಂಚ್ ಮೂಲದ ಹೆಸರು ಪಡೆಯಿತು. ವಾಲ್ಟರ್ ಸ್ಕಾಟ್ 1819ರ ಕೊನೆಯಲ್ಲಿ ಹೊರಬಂದ ‘ಐವಾನ್‌ಹೋ’ ಕಾದಂಬರಿಯಲ್ಲಿ ಈ ಸಂಗತಿಯನ್ನು ಪಾತ್ರಗಳ ಬಾಯಿಂದ ಆಡಿಸಿ ಜನಪ್ರಿಯಗೊಳಿಸಿದ. ಇತ್ತ ಮೀಟ್ ಎಂಬ ಮಾತೂ ಮಧ್ಯಯುಗದ ಕೊನೆಯ ಹೊತ್ತಿಗೆ ಮೆಲ್ಲನೆ ಮಾಂಸಾಹಾರದ ಕಡೆಗೆ ವಾಲಿತು. ಹೀಗೆ ಅಡುಗೆಮನೆಯಿಂದ ಹೊರಬಿದ್ದ ಫ್ಲೆಶ್‌ಗೆ ಉಳಿದದ್ದು ಮನುಷ್ಯನ ಮೈ, ಹಣ್ಣಿನ ತಿರುಳು, ಮೀನಿನ ಒಳಭಾಗ ಮತ್ತು ಧರ್ಮಗ್ರಂಥ. ಇದರಿಂದಲೇ ಅದಕ್ಕೆ ಗಾಂಭೀರ್ಯವೂ ಬಂತು, ಒಂದು ಬಗೆಯ ಭಯವೂ ಅಂಟಿಕೊಂಡಿತು.

ಈಗ ಚೀನಾಕ್ಕೆ ಬರೋಣ. ಅಲ್ಲಿ ‘ರೋ’ ಎಂಬ ಒಂದೇ ಶಬ್ದ ಎಲ್ಲ ಕೆಲಸವನ್ನೂ ಮಾಡುತ್ತದೆ. ಹಂದಿ-ರೋ, ದನ-ರೋ, ಕೋಳಿ-ರೋ ಎಂದರೆ ಆಯಾ ಮಾಂಸ. ಹೆಸರಿಸದೆ ಬರಿದೇ ‘ರೋ’ ಎಂದರೆ ಸಾಮಾನ್ಯವಾಗಿ ಹಂದಿಮಾಂಸವೇ. ಹಣ್ಣು-ರೋ ಎಂದರೆ ತಿರುಳು. ಎಲುಬು-ರೋ ಎಂದರೆ ಹೆತ್ತವರು, ಮಕ್ಕಳು, ಒಡಹುಟ್ಟಿದವರು. ಕಥೆಯ ಪಾತ್ರವೊಂದು ಜೀವಂತವಾಗಿ ಮೂಡಿದ್ದರೆ ಅದಕ್ಕೆ ‘ರಕ್ತವಿದೆ, ರೋ ಇದೆ’ ಎಂದು ಮೆಚ್ಚುತ್ತಾರೆ. ಅತಿಯಾದ ಮುಖಸ್ತುತಿ ಕೇಳಿ ಮುಜುಗರವಾದರೆ ‘ರೋ ಜೋಮು ಹಿಡಿಯಿತು’ ಎನ್ನುತ್ತಾರೆ. ಲಿಪಿಯಲ್ಲೂ ಇದರ ಹರಹು ದೊಡ್ಡದು. ಮುಖ, ಕಾಲು, ಪಿತ್ತಜನಕಾಂಗ, ಶ್ವಾಸಕೋಶ ಮುಂತಾದವನ್ನು ಸೂಚಿಸುವ ಅಕ್ಷರಗಳಲ್ಲಿ ‘ರೋ’ ಚಿಹ್ನೆಯೇ ರೂಪ ಬದಲಿಸಿ ಒಂದು ಬದಿಯಲ್ಲಿ ಕುಳಿತಿರುತ್ತದೆ. ನೋಡಲು ಚಂದ್ರನ ಅಕ್ಷರದಂತಿರುವುದರಿಂದ ಚಂದ್ರನಿಗೂ ಯಕೃತ್ತಿಗೂ ಏನು ನಂಟು ಎಂದು ಚೀನೀ ಮಕ್ಕಳು ಕೇಳುವುದುಂಟು.

ಹಾಗಾದರೆ ಚೀನೀಯರು ಮನುಷ್ಯನ ಮೈಯನ್ನೂ ಪ್ರಾಣಿಯ ಮಾಂಸವನ್ನೂ ಎಂದೂ ಬೇರ್ಪಡಿಸಲಿಲ್ಲವೆ? ಬೇರ್ಪಡಿಸಿದ್ದರು ಎನ್ನುವುದೇ ಇಲ್ಲಿನ ವಿಶೇಷ. ಕ್ರಿ.ಶ. 100ರ ಸುಮಾರಿಗೆ ಶು ಶೆನ್ ಎಂಬ ವಿದ್ವಾಂಸ ರಚಿಸಿದ ‘ಶುವೊವೆನ್’ ನಿಘಂಟು ‘ರೋ’ ಎಂಬುದಕ್ಕೆ ಕತ್ತರಿಸಿದ ಮಾಂಸದ ತುಂಡು ಎಂದು ಅರ್ಥ ಹೇಳುತ್ತದೆ. ಇದಕ್ಕೆ ದ್ವಾನ್ ಯೂತ್ಸಾಯ್ ಬರೆದ ದೊಡ್ಡ ವ್ಯಾಖ್ಯಾನ 1815ರಲ್ಲಿ ಅಚ್ಚಾಯಿತು. ಮನುಷ್ಯನದು ‘ಜೀ’, ಹಕ್ಕಿ ಮತ್ತು ಮೃಗಗಳದು ‘ರೋ’, ವ್ಯತ್ಯಾಸ ಇಷ್ಟೇ ಎಂಬುದು ಅವನ ವಿವರಣೆ. ಆದರೆ ಆಡುಮಾತು ಈ ಗೆರೆಯನ್ನು ಬಹುಕಾಲ ಉಳಿಸಿಕೊಳ್ಳಲಿಲ್ಲ. ಇಂದು ಎರಡೂ ಶಬ್ದಗಳು ಕೂಡಿಕೊಂಡು ‘ಜೀರೋ’ ಎಂದಾಗಿ ಸ್ನಾಯು ಎಂಬ ಅರ್ಥ ಕೊಡುತ್ತವೆ. ಒಂದಾಗಿದ್ದುದನ್ನು ಇಂಗ್ಲಿಷ್ ಎರಡಾಗಿ ಸೀಳಿತು. ಎರಡಾಗಿದ್ದುದನ್ನು ಚೀನೀ ಭಾಷೆ ಒಂದಾಗಿ ಬೆಸೆಯಿತು. ಎರಡು ಭಾಷೆಗಳೂ ವಿರುದ್ಧ ದಿಕ್ಕಿನಲ್ಲಿ ನಡೆದುಬಂದವು.

ಈ ಎರಡು ದಾರಿಗಳು ಎದುರುಬದುರಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರಾಬರ್ಟ್ ಮಾರಿಸನ್ ಎಂಬ ಪಾದ್ರಿ 1807ರಲ್ಲಿ ಗ್ವಾಂಗ್‌ಜೌ ನಗರಕ್ಕೆ ಬಂದಿಳಿದ. ಪರದೇಶಿಯರಿಗೆ ಚೀನೀ ಭಾಷೆ ಕಲಿಸುವುದು ಆಗ ಅಪರಾಧವಾಗಿತ್ತು. ಅಂಥ ಸ್ಥಿತಿಯಲ್ಲಿ ಆತ ಸಿದ್ಧಪಡಿಸಿದ ಚೀನೀ-ಇಂಗ್ಲಿಷ್ ನಿಘಂಟು 1815ರಿಂದ 1823ರವರೆಗೆ ಮಕಾವಿನಲ್ಲಿ ಸಂಪುಟ ಸಂಪುಟವಾಗಿ ಅಚ್ಚಾಯಿತು. 1823ರಲ್ಲಿಯೇ ಮಲಾಕ್ಕದಲ್ಲಿ ಅವನ ಚೀನೀ ಬೈಬಲ್ಲೂ ಪೂರ್ಣವಾಗಿ ಹೊರಬಂತು. ಅದಕ್ಕೆ ಒಂದು ವರ್ಷ ಮೊದಲು ಬಂಗಾಳದ ಸಿರಾಂಪುರದಲ್ಲಿ ಜೋಶುವಾ ಮಾರ್ಷ್‌ಮನ್ ಇನ್ನೊಂದು ಚೀನೀ ಬೈಬಲ್ ಮುಗಿಸಿದ್ದ. 1817ರಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದದ್ದೂ ಇದೇ ಸಿರಾಂಪುರದಲ್ಲಿ.

ಬೈಬಲ್ ಭಾಷಾಂತರಕಾರರಿಗೆ ಫ್ಲೆಶ್ ದೊಡ್ಡ ತೊಡಕಾಗಿತ್ತು. ದೇವರು ಮನುಷ್ಯದೇಹ ತಳೆದ ಎಂಬಲ್ಲಿ ಅದು ಪವಿತ್ರ. ಮನುಷ್ಯನನ್ನು ಪಾಪಕ್ಕೆಳೆಯುವ ಸ್ವಭಾವ ಎಂಬಲ್ಲಿ ಅದೇ ನಿಕೃಷ್ಟ. ಬರೀ ‘ರೋ’ ಎಂದರೆ ಓದುಗನಿಗೆ ಅಡುಗೆಮನೆ ನೆನಪಾಗುತ್ತದೆ. 1919ರಲ್ಲಿ ಪ್ರಕಟವಾಗಿ ಚೀನಾದಲ್ಲಿ ನೆಲೆಯೂರಿದ ಭಾಷಾಂತರದಲ್ಲಿ ಮೊದಲನೆಯದಕ್ಕೆ ‘ರೋಶೆನ್’, ಅಂದರೆ ಮಾಂಸದ ಮೈ, ಎಂಬ ಜೋಡುಪದವಿದೆ. ಈ ಪದ ಕ್ರೈಸ್ತರು ಹೊಸೆದದ್ದಲ್ಲ, ಬೌದ್ಧರಲ್ಲಿ ಮೊದಲೇ ಇತ್ತು. 713ರಲ್ಲಿ ತೀರಿಕೊಂಡ ಝೆನ್ ಪಂಥದ ಆರನೆಯ ಗುರು ಹ್ವೀನೆಂಗ್‌ನದೆಂದು ಗ್ವಾಂಗ್‌ದೊಂಗ್ ಪ್ರಾಂತದ ನಾನ್‌ಹ್ವಾ ಮಂದಿರದಲ್ಲಿ ಕಾಪಾಡಿಕೊಂಡು ಬಂದಿರುವ ದೇಹಕ್ಕೂ ಇದೇ ಹೆಸರು.

ಬೌದ್ಧರಿಂದ ಬಂದ ಇನ್ನೊಂದು ಶಬ್ದ ನಮಗೆ ಮತ್ತೂ ಹತ್ತಿರದ್ದು. 401ರಲ್ಲಿ ಛಾಂಗ್‌ಆನ್ ನಗರ ಸೇರಿದ ಕುಮಾರಜೀವ ಸಂಸ್ಕೃತದ ‘ವಜ್ರಚ್ಛೇದಿಕಾ’ ಸೂತ್ರವನ್ನು ಚೀನೀ ಭಾಷೆಗೆ ತಂದ. ಅದರಲ್ಲಿ ಬುದ್ಧನಿಗಿರುವ ಐದು ಬಗೆಯ ಕಣ್ಣುಗಳಲ್ಲಿ ಮೊದಲನೆಯದು ಮಾಂಸಚಕ್ಷು. ಚೀನೀ ರೂಪ ‘ರೋಯೆನ್’, ಮಾಂಸದ ಕಣ್ಣು. ಇಂದು ಚೀನಾದ ಶಾಲಾಪುಸ್ತಕಗಳಲ್ಲಿ ದೂರದರ್ಶಕವಿಲ್ಲದೆ ನಕ್ಷತ್ರ ನೋಡುವ ಬರಿಗಣ್ಣಿಗೆ ಇದೇ ಮಾತು ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ‘ನೇಕೆಡ್ ಐ’. ಅದನ್ನು ‘ಫ್ಲೆಶ್ ಐ’ ಎಂದು ಬರೆಯುವ ಚೀನೀ ವಿದ್ಯಾರ್ಥಿ ತಪ್ಪು ಮಾಡುತ್ತಾನೆ ನಿಜ. ಆದರೆ ಆ ತಪ್ಪಿನೊಳಗೆ ಸಾವಿರದ ಆರುನೂರು ವರ್ಷದ ಸಂಸ್ಕೃತ ಅಡಗಿದೆ.

ಸಾಹಿತ್ಯದಲ್ಲಿ ಈ ಶಬ್ದದ ನಿಜವಾದ ಪರೀಕ್ಷೆ ನಡೆದದ್ದು ಷೇಕ್ಸ್‌ಪಿಯರನ ‘ವೆನಿಸ್ಸಿನ ವರ್ತಕ’ದಲ್ಲಿ. ಸಾಲ ತೀರದಿದ್ದರೆ ಸಾಲಗಾರನ ಮೈಯಿಂದ ಒಂದು ಪೌಂಡ್ ಫ್ಲೆಶ್ ಎಂಬ ಕರಾರು ಎಲ್ಲರಿಗೂ ಗೊತ್ತು. ಮೀಟ್ ಎಂದಿದ್ದರೆ ಆ ಮಾತಿಗೆ ಈ ಕ್ರೌರ್ಯ ಬರುತ್ತಿರಲಿಲ್ಲ. ಮೇರಿ ಮತ್ತು ಚಾರ್ಲ್ಸ್ ಲ್ಯಾಂಬ್ 1807ರಲ್ಲಿ ಮಕ್ಕಳಿಗಾಗಿ ಹೊರತಂದ ಷೇಕ್ಸ್‌ಪಿಯರ್ ಕಥೆಗಳನ್ನು ಲಿನ್ ಶೂ 1904ರಲ್ಲಿ ಚೀನೀ ಭಾಷೆಗೆ ತಂದ. ಆತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಗೆಳೆಯ ವೇಯ್ ಯೀ ಬಾಯಲ್ಲಿ ಹೇಳುತ್ತಿದ್ದ. ಲಿನ್ ಶೂ ಪ್ರೌಢ ಗ್ರಾಂಥಿಕ ಶೈಲಿಯಲ್ಲಿ ಬರೆದುಕೊಳ್ಳುತ್ತಿದ್ದ. ಈ ಕಥೆಗೆ ಆತ ಕೊಟ್ಟ ಹೆಸರು ‘ರೋಚ್ವಾನ್’, ಅಂದರೆ ಮಾಂಸದ ಪತ್ರ.

ಈ ಹೆಸರು ಓದಿದ ಅಂದಿನ ಚೀನೀಯನಿಗೆ ಇನ್ನೊಂದು ನೆನಪೂ ಬಂದಿರಬೇಕು. ಕಾಯಿಲೆ ಬಿದ್ದ ತಂದೆತಾಯಿಗೆ ಅಥವಾ ಅತ್ತೆಗೆ ಮಗನೋ ಸೊಸೆಯೋ ತೊಡೆಯ ಮಾಂಸ ಕತ್ತರಿಸಿ ಸಾರು ಮಾಡಿ ಕುಡಿಸುವ ‘ಗೇಗು’ ಎಂಬ ಆಚಾರ ಥಾಂಗ್ ಕಾಲದಿಂದ ದಾಖಲಾಗಿದೆ. ಎಂಟನೆಯ ಶತಮಾನದ ವೈದ್ಯ ಛೆನ್ ಚಾಂಗ್‌ಛೀಯ ಗ್ರಂಥ ಮನುಷ್ಯಮಾಂಸವನ್ನು ಔಷಧವೆಂದು ಹೇಳಿದ್ದು ಇದಕ್ಕೆ ಇಂಬು ಕೊಟ್ಟಿತು. 1394ರಲ್ಲಿ ಮಿಂಗ್ ದರ್ಬಾರು ಇಂಥವರಿಗೆ ಗೌರವ ಕೊಡುವುದನ್ನು ನಿಲ್ಲಿಸಿತು. 1596ರಲ್ಲಿ ಪ್ರಕಟವಾದ ಲೀ ಶಿಜೆನ್‌ನ ಮಹಾ ಔಷಧಕೋಶವೂ ಇದನ್ನು ಖಂಡಿಸಿತು. ಆದರೂ ಆಚಾರ ಅಳಿಯಲಿಲ್ಲ. ಅಲ್ಲಿ ಪ್ರೀತಿಯಿಂದ ಕೊಟ್ಟ ಮಾಂಸ, ಇಲ್ಲಿ ದ್ವೇಷದಿಂದ ಕೇಳಿದ ಮಾಂಸ. ಚೀನೀ ಭಾಷೆಯಲ್ಲಿ ಎರಡೂ ‘ರೋ’. ಕತ್ತರಿಸಿದ ತುಂಡು ಎಂಬ ಶು ಶೆನ್‌ನ ಹಳೆಯ ಅರ್ಥ ಎರಡಕ್ಕೂ ಭೀಕರವಾಗಿ ಒಪ್ಪುತ್ತದೆ. ನಾಟಕದ ತೀರ್ಪೂ ಶಬ್ದದ ಮೇಲೆಯೇ ನಿಂತಿದೆ. ಪತ್ರದಲ್ಲಿ ಮಾಂಸವಿದೆ, ರಕ್ತದ ಮಾತಿಲ್ಲ. ‘ರಕ್ತ-ಮಾಂಸ’ ಎಂದು ಚೀನೀಯರೂ ಇಂಗ್ಲಿಷರೂ ನಾವೂ ಜೋಡಿಸಿಯೇ ಆಡುವುದನ್ನು ನ್ಯಾಯಾಲಯದಲ್ಲಿ ಬೇರ್ಪಡಿಸಿದ್ದರಿಂದ ಒಬ್ಬನ ಜೀವ ಉಳಿಯಿತು.

ಶಬ್ದ ಯಾರ ಮೈಯನ್ನು ಲೆಕ್ಕಕ್ಕೆ ಹಿಡಿಯುತ್ತದೆ ಎಂಬುದೂ ಸಣ್ಣ ಪ್ರಶ್ನೆಯಲ್ಲ. ಅಮೆರಿಕದ ಕ್ರೇಯೋಲಾ ಬಣ್ಣದ ಕಡ್ಡಿಗಳಲ್ಲಿ ನಸುಗೆಂಪು ಬಿಳುಪಿನ ಒಂದಕ್ಕೆ ‘ಫ್ಲೆಶ್’ ಎಂದು ಹೆಸರಿತ್ತು. ಕಪ್ಪು ಮಗುವಿನ ಮೈ ಫ್ಲೆಶ್ ಅಲ್ಲವೆ? 1962ರಲ್ಲಿ ಆ ಹೆಸರನ್ನು ‘ಪೀಚ್’ ಎಂದು ಬದಲಾಯಿಸಿದರು. ‘ಮಾಂಸದ ಬಣ್ಣ’ ಎಂಬ ಮಾತು ಚೀನೀ ಭಾಷೆಯಲ್ಲೂ ಇದೆ.

ಕಲಿಯುವವನಿಗೆ ಕೊನೆಗೆ ಹೇಳಬಹುದಾದದ್ದು ಇಷ್ಟು. ಅಡುಗೆಯದಾದರೆ ಮೀಟ್, ಜೀವಂತ ಮೈ, ಹಣ್ಣಿನ ತಿರುಳು, ರಕ್ತಸಂಬಂಧ, ಎದುರಿಗೆ ಖುದ್ದಾಗಿ ಬಂದು ನಿಂತ ವ್ಯಕ್ತಿ ಎಂಬಲ್ಲಿ ಫ್ಲೆಶ್. ‘ರ’ಕಾರವಿಲ್ಲದ ಕ್ಯಾಂಟನೀಸ್ ಮಾತಿನವರು ಇನ್ನೂ ಒಂದು ಎಚ್ಚರ ವಹಿಸಬೇಕು. ಅವರ ಬಾಯಲ್ಲಿ ‘ಫ್ರೆಶ್’ ಕೂಡ ‘ಫ್ಲೆಶ್’ ಆಗಿಬಿಡುವುದುಂಟು. ತಪ್ಪಿದರೂ ನಾಚಬೇಕಾಗಿಲ್ಲ. ಒಂದು ಕಿಲೋ ಫ್ಲೆಶ್ ಕೇಳಿದ ಆ ವಿದ್ಯಾರ್ಥಿ ಸಾವಿರ ವರ್ಷದ ಹಿಂದಿನ ಇಂಗ್ಲೆಂಡಿನ ಸಂತೆಯಲ್ಲಿ ನಿಂತಿದ್ದರೆ ಯಾರೂ ಬೆಚ್ಚುತ್ತಿರಲಿಲ್ಲ, ತೂಗಿ ಕೊಟ್ಟು ಕಳುಹಿಸುತ್ತಿದ್ದರು.