ಗ್ಲುಕೋಮೀಟರ್, ಇನ್ಸುಲಿನ್ ಪಂಪ್ ಮತ್ತು ಬ್ಲೂಟೂತ್: ಸಂಪರ್ಕ ಎಷ್ಟು ಸುರಕ್ಷಿತ?

ಸಕ್ಕರೆ ಕಾಯಿಲೆ ಇರುವವರ ಮನೆಯಲ್ಲಿ ಈಗ ಗ್ಲುಕೋಮೀಟರ್, ಬಿ.ಪಿ. ಯಂತ್ರ, ತೋಳಿಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್ ಹೀಗೆ ಹಲವು ಉಪಕರಣಗಳು ನೇರವಾಗಿ ಫೋನಿಗೆ ಅಂಕಿ ಕಳಿಸುತ್ತವೆ. ಈ ಸಂಪರ್ಕ ಹೆಚ್ಚಾಗಿ ಬ್ಲೂಟೂತ್‌ನದು. ಇಂಥ ಉಪಕರಣಗಳಲ್ಲಿ ಅದರ ವ್ಯಾಪ್ತಿ ಸಾಮಾನ್ಯವಾಗಿ ಸುಮಾರು 10 ಮೀಟರ್. ಮುಂಬೈ, ಪುಣೆಯ ಫ್ಲ್ಯಾಟ್‌ಗಳಲ್ಲಿ ಅಷ್ಟು ದೂರ ಎಂದರೆ ಪಕ್ಕದ ಮನೆಯೂ ಸೇರಿತು.

ಪೇರಿಂಗ್ ಮಾಡುವ ಆ ಕೆಲವು ಸೆಕೆಂಡು

ಎರಡು ಉಪಕರಣಗಳು ಮೊದಲ ಸಲ ಪರಿಚಯ ಮಾಡಿಕೊಳ್ಳುವುದೇ ಪೇರಿಂಗ್. ಆಗ ಅವು ಒಂದು ರಹಸ್ಯ ಕೀಲಿಯನ್ನು ಒಪ್ಪಿಕೊಂಡು ಉಳಿಸಿಟ್ಟುಕೊಳ್ಳುತ್ತವೆ. ಮುಂದಿನ ಮಾತುಕತೆಯೆಲ್ಲ ಆ ಕೀಲಿಯ ಬಲದ ಮೇಲೆ ನಡೆಯುತ್ತದೆ. ಹಾಗಾಗಿ ಹೆಚ್ಚು ಎಚ್ಚರ ಬೇಕಾದದ್ದು ಪೇರಿಂಗ್ ವೇಳೆಯಲ್ಲೇ.

ಕೆಲವು ಉಪಕರಣಗಳು 6 ಅಂಕಿಯ ಸಂಖ್ಯೆ ಕೇಳುತ್ತವೆ. ಅದು ಪರದೆಯ ಮೇಲೆ ಕಾಣಿಸುತ್ತದೆ ಅಥವಾ ಉಪಕರಣದ ಹಿಂಭಾಗದಲ್ಲಿ ಮುದ್ರಿತವಾಗಿರುತ್ತದೆ. ಇನ್ನು ಕೆಲವು ಏನನ್ನೂ ಕೇಳದೆ ಸೇರಿಕೊಳ್ಳುತ್ತವೆ. ಇದು ಸುಲಭ, ಆದರೆ ಮಧ್ಯೆ ಬೇರೆ ಯಾರಾದರೂ ನುಸುಳಿದರೆ ತಿಳಿಯುವುದಿಲ್ಲ. ಎರಡೂ ಬಗೆಯ ಉಪಕರಣಗಳು ಒಂದೇ ಬೆಲೆಗೆ ಸಿಗುವುದಾದರೆ ನಾನು ಸಂಖ್ಯೆ ಕೇಳುವುದನ್ನೇ ಆರಿಸುತ್ತೇನೆ. ಆಸ್ಪತ್ರೆಯ ಕಾಯುವ ಕೊಠಡಿಯಲ್ಲೋ ಔಷಧ ಅಂಗಡಿಯ ಕೌಂಟರಿನಲ್ಲೋ ಪೇರಿಂಗ್ ಮಾಡಬೇಡಿ, ಮನೆಯಲ್ಲಿ ಮಾಡಿ. ಹಿಂದೆಯೇ ಸೇರಿಸಿದ ಉಪಕರಣ ಹೊರಗಡೆ ಇದ್ದಾಗ ಮತ್ತೆ ಪೇರಿಂಗ್ ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ.

ಅಳೆಯುವ ಯಂತ್ರ, ಔಷಧ ಕೊಡುವ ಯಂತ್ರ

ಇವೆರಡರ ಅಪಾಯ ಒಂದೇ ಅಲ್ಲ. ಮೀಟರಿನ ಅಂಕಿ ಸೋರಿದರೆ ಹೋಗುವುದು ಗೋಪ್ಯತೆ. ಇನ್ಸುಲಿನ್ ಪಂಪ್‌ಗೆ ತಪ್ಪು ಆದೇಶ ಹೋದರೆ ಸಕ್ಕರೆ ಅಂಶ ಕುಸಿದು ಪ್ರಾಣಕ್ಕೇ ಕುತ್ತು. ಅಮೆರಿಕದಲ್ಲಿ 2016ರಲ್ಲಿ ‘ಒನ್‌ಟಚ್ ಪಿಂಗ್’ ಪಂಪಿನ ಲೋಪ ಬಯಲಿಗೆ ತಂದವರು ಜೇ ರಾಡ್‌ಕ್ಲಿಫ್. ಅವರು ಭದ್ರತಾ ಸಂಶೋಧಕರು, ಸ್ವತಃ ಮಧುಮೇಹಿ ಕೂಡ. ಆ ಪಂಪು ಬಳಸುತ್ತಿದ್ದುದು ಬ್ಲೂಟೂತ್ ಅಲ್ಲ, ಕಂಪನಿಯದೇ ರೇಡಿಯೊ ಸಂಪರ್ಕ. ರಿಮೋಟ್ ಮತ್ತು ಪಂಪಿನ ನಡುವಿನ ಸಂದೇಶಗಳಿಗೆ ಗೂಢಲಿಪಿಯ ರಕ್ಷಣೆಯೇ ಇರಲಿಲ್ಲ. ರಿಮೋಟ್ ಬಳಸದಿರುವುದು, ಒಮ್ಮೆಗೆ ಹೋಗುವ ಡೋಸ್‌ಗೆ ಮಿತಿ ಹಾಕುವುದು, ಡೋಸ್ ಹೋಗುವಾಗ ಕಂಪಿಸುವ ಸೂಚನೆ ಇಟ್ಟುಕೊಳ್ಳುವುದು, ಇವು ಆಗ ಬಳಕೆದಾರರಿಗೆ ಸಿಕ್ಕ ಸಲಹೆಗಳು. ನಿಮ್ಮ ಪಂಪಿನಲ್ಲೂ ಡೋಸ್ ಮಿತಿ ಎಷ್ಟಿದೆ ಎಂದು ವೈದ್ಯರೊಂದಿಗೆ ಕೂತು ನೋಡಿ.

2020ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಡಿಎ, ‘ಸ್ವೇನ್‌ಟೂತ್’ ಎಂಬ ಬ್ಲೂಟೂತ್ ಲೋಪಗಳ ಬಗ್ಗೆ ಎಚ್ಚರಿಸಿತು. ಅದರಿಂದ ರೋಗಿಗಳಿಗೆ ತೊಂದರೆಯಾದ ಪ್ರಕರಣ ತನ್ನ ಗಮನಕ್ಕೆ ಬಂದಿಲ್ಲ ಎಂದೂ ಹೇಳಿತು. ಇಂಥ ಲೋಪಗಳಿಗೆ ತೇಪೆ ಬರುವುದು ಅಪ್‌ಡೇಟ್ ಮೂಲಕ. ಫೋನ್, ಆ್ಯಪ್, ಉಪಕರಣ ಮೂರನ್ನೂ ಅಪ್‌ಡೇಟ್ ಮಾಡಿ.

‘ಬ್ಲೂಟೂತ್ ಆಫ್ ಮಾಡಿಡಿ’ ಎಂಬ ಸಲಹೆ

ಇಯರ್‌ಫೋನ್‌ಗೆ ಇದು ಸರಿ. ಗ್ಲೂಕೋಸ್ ಸೆನ್ಸರ್ ಧರಿಸಿದವರಿಗೆ ಇದೇ ಸಲಹೆ ಅಪಾಯಕಾರಿ. ರಾತ್ರಿ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಫೋನ್ ಅಲಾರಂ ಕೂಗಬೇಕಾದರೆ ಬ್ಲೂಟೂತ್ ಆನ್ ಇರಲೇಬೇಕು. ಸಂಪರ್ಕ ತಪ್ಪಿದ ಹೊತ್ತಿನ ಅಂಕಿಗಳು ಆಮೇಲೆ ಬಂದು ಸೇರಬಹುದು, ಅಲಾರಂ ಮಾತ್ರ ಆ ಹೊತ್ತಿಗೆ ಬಂದಿರುವುದಿಲ್ಲ. ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ಆ್ಯಪನ್ನು ನಿಲ್ಲಿಸದಂತೆಯೂ ನೋಡಿಕೊಳ್ಳಿ.

ಕಳ್ಳರಿಗಿಂತ ಮನೆಯೊಳಗಿನ ಗೊಂದಲವೇ ಹೆಚ್ಚು ಸಂಭವನೀಯ. ಅಪ್ಪ, ಅಮ್ಮ ಇಬ್ಬರೂ ಒಂದೇ ಮೀಟರ್ ಬಳಸಿದರೆ ಇಬ್ಬರ ಅಂಕಿಗಳೂ ಒಂದೇ ಖಾತೆಗೆ ಹೋಗುತ್ತವೆ. ಆ ಸರಾಸರಿ ನೋಡಿ ಮಾತ್ರೆ ಬದಲಿಸಿದರೆ ತಪ್ಪಾಗುತ್ತದೆ. ಒಬ್ಬೊಬ್ಬರಿಗೂ ಬೇರೆ ಮೀಟರ್, ಬೇರೆ ಖಾತೆ ಇರಲಿ. ಇನ್ಸುಲಿನ್ ಪ್ರಮಾಣ ನಿರ್ಧರಿಸುವ ಮೊದಲು ಆ್ಯಪಿನ ಅಂಕಿ, ಸಮಯ ಎರಡನ್ನೂ ಮೀಟರಿನ ಪರದೆಯೊಂದಿಗೆ ತಾಳೆ ನೋಡಿ. ಸೆನ್ಸರ್ ಹೇಳುವುದಕ್ಕೂ ಮೈ ಹೇಳುವುದಕ್ಕೂ ಹೊಂದದಿದ್ದರೆ ಕೈ ತೊಳೆದು ಬೆರಳು ಚುಚ್ಚಿ ಪರೀಕ್ಷಿಸಿ.

ಹಳೆಯ ಮೀಟರ್ ಅಥವಾ ಫೋನನ್ನು ಬೇರೆಯವರಿಗೆ ಕೊಡುವಾಗ ಬ್ಲೂಟೂತ್ ಪಟ್ಟಿಯಿಂದ ಉಪಕರಣವನ್ನು ತೆಗೆದುಹಾಕಿ, ಆ್ಯಪಿನಿಂದ ಲಾಗ್‌ಔಟ್ ಆಗಿ. ಮೀಟರಿನಲ್ಲಿ ಉಳಿದಿರುವ ಹಳೆಯ ಅಂಕಿಗಳನ್ನು ಅಳಿಸುವ ವಿಧಾನ ಸಾಮಾನ್ಯವಾಗಿ ಕೈಪಿಡಿಯಲ್ಲಿರುತ್ತದೆ.